ಗುಳ್ಳೆ ಹೇಳುವ ಹೊಳೆಯ ಲೆಕ್ಕ

(ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ಕಾರ್ಯಕ್ರಮಕ್ಕೆ ಕರೆಯುವಾಗ ಮುಖ್ಯೋಪಾಧ್ಯಾಯರು ಒಂದೇ ಮಾತು ಹೇಳಿದರು. "ಶಾಲೆಯನ್ನು ಹೊಗಳೋದಕ್ಕೆ ಬೇರೆಯವರು ಇದ್ದಾರಪ್ಪ. ನೀನು ಬೆಂಗಳೂರಿನಲ್ಲಿ ಏನು ಕೆಲಸ ಮಾಡ್ತೀಯ ಅನ್ನೋದನ್ನ ಮಕ್ಕಳಿಗೆ ತಿಳಿಯೋ ಹಂಗೆ ಹೇಳು, ಸಾಕು." ಕೇಳುವುದಕ್ಕೆ ಸುಲಭ, ಮಾಡುವುದಕ್ಕೆ ಕಷ್ಟ. ನಮ್ಮ ಅಜ್ಜಿಗೇ ಇನ್ನೂ ತಿಳಿಸಲು ಆಗಿಲ್ಲ. ಹೋದ ಯುಗಾದಿಗೆ ಬಂದಾಗ ಅವರು ಕೇಳಿದರು: "ಅಲ್ಲ ಮಗಾ, ಕಂಪ್ಯೂಟರ್ ಮುಂದೆ ಕೂತು ಹೊಳೆ ನೀರು ಅಳೀತೀನಿ ಅಂತೀಯ. ಹೊಳೆ ಹತ್ರ ಹೋಗಿ ನೋಡಿದ್ರೆ ಆಗಲ್ವಾ?"

ಈ ಪ್ರಶ್ನೆಗೆ ಉತ್ತರ ಹೇಳುವುದೇ ಇವತ್ತಿನ ನನ್ನ ಭಾಷಣ.

ನಾನು ಸಾಫ್ಟ್‌ವೇರ್ ಎಂಜಿನಿಯರ್. ಇಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಹೊಸದುರ್ಗದಲ್ಲಿ ಪಿಯುಸಿ, ದಾವಣಗೆರೆಯಲ್ಲಿ ಬಿ.ಇ. ಮಾಡಿದೆ. ನದಿ ದಂಡೆಗಳಲ್ಲಿ ಇಟ್ಟಿರುವ ನೀರಿನ ಮಟ್ಟ ಅಳೆಯುವ ಯಂತ್ರಗಳು ಕಳಿಸುವ ಅಂಕಿಗಳನ್ನು ತೆಗೆದುಕೊಂಡು, ಸರಿ ತಪ್ಪು ನೋಡಿ, ಅಧಿಕಾರಿಗಳ ಪರದೆಯ ಮೇಲೆ ತೋರಿಸುವ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ.

ನೀರಿನ ಮಟ್ಟ ಎಂದರೆ ಏನು ಎಂದು ಚಿತ್ರದುರ್ಗ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೇರೆ ಊರಿನಲ್ಲಿ ಬೆಳಿಗ್ಗೆ ಟೀ ಅಂಗಡಿಯಲ್ಲಿ ಕ್ರಿಕೆಟ್ ಸ್ಕೋರ್ ಕೇಳುತ್ತಾರೆ. ನಮ್ಮಲ್ಲಿ "ವಿವಿ ಸಾಗರ ಎಷ್ಟಾಯ್ತು?" ಎಂದು ಕೇಳುತ್ತಾರೆ. ಪೇಪರ್‌ನಲ್ಲಿ ಅಡಿಯ ಲೆಕ್ಕ ಬರುತ್ತದೆ. ಅರ್ಧ ಅಡಿ ಏರಿದರೆ ಮುಖ ಅರಳುತ್ತದೆ, ಇಳಿದರೆ ಬಾಡುತ್ತದೆ.

ಬಾಬಾಬುಡನ್ ಗಿರಿಯ ಕಡೆಯಿಂದ ಬರುವ ವೇದಾ ಮತ್ತು ಅವತಿ ಸೇರಿ ವೇದಾವತಿ ಆಗಿ, ಕಡೂರು ದಾಟಿ, ನಮ್ಮ ಹೊಸದುರ್ಗ ತಾಲ್ಲೂಕಿನಲ್ಲಿ ಹಾದು, ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ನಿಲ್ಲುತ್ತಾಳೆ. ಅಲ್ಲಿ ಎರಡು ಗುಡ್ಡದ ನಡುವೆ ಮೈಸೂರು ಸಂಸ್ಥಾನದವರು 1898ರಲ್ಲಿ ಕಟ್ಟೆ ಕಟ್ಟಲು ಶುರುಮಾಡಿ 1907ರಲ್ಲಿ ಮುಗಿಸಿದರು. ಕೆಲಸ ಶುರುವಾದಾಗ ರೀಜೆಂಟ್ ಆಗಿ ರಾಜ್ಯ ನಡೆಸುತ್ತಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರನ್ನೇ ಸಾಗರಕ್ಕೆ ಇಟ್ಟರು. ಸುಮಾರು 30 ಟಿಎಂಸಿ ಅಡಿ ನೀರು ಹಿಡಿಯುವ ಈ ಸಾಗರ 130 ಅಡಿಗೆ ತುಂಬುತ್ತದೆ, ಆಮೇಲೆ ಕೋಡಿ ಬೀಳುತ್ತದೆ. 1933ರಲ್ಲಿ ಒಮ್ಮೆ ಕೋಡಿ ಬಿತ್ತು. ಮತ್ತೆ ಬಿದ್ದದ್ದು 89 ವರ್ಷದ ಮೇಲೆ, 2022ರ ಸೆಪ್ಟೆಂಬರ್‌ನಲ್ಲಿ. ಆಮೇಲೆ 2025ರ ಜನವರಿಯಲ್ಲಿ. ಈಗ ಭದ್ರಾ ಮೇಲ್ದಂಡೆಯ ನೀರೂ ಬಂದು ಸೇರುತ್ತಿದೆ.

2022ರಲ್ಲಿ ಕೋಡಿ ಬಿದ್ದ ದಿನ ನನಗೆ ಎರಡು ಫೋನ್ ಬಂದವು. ಹಿರಿಯೂರಿಗೆ ಕೊಟ್ಟಿರುವ ನಮ್ಮ ಅಕ್ಕ, "ಕೋಡಿ ಬಿತ್ತು ಕಣೋ! ನಮ್ಮ ಮಾವನೋರು ಅಳ್ತಾ ಕೂತವ್ರೆ, ಖುಷಿಗೆ. ರಜ ಹಾಕಿ ಬಾ" ಎಂದಳು. ಅರ್ಧ ಗಂಟೆಗೆ ಹಿನ್ನೀರಿನ ಅಂಚಿನಲ್ಲಿ ತೋಟ ಮಾಡಿರುವ ಚಿಕ್ಕಪ್ಪ ಫೋನ್ ಮಾಡಿದರು. "ಅಡಿಕೆ ಗಿಡದಾಗೆ ಮೊಣಕಾಲುದ್ದ ನೀರು ನಿಂತೈತಪ್ಪ. ಇನ್ನೂ ಎಷ್ಟು ಏರತೈತೆ, ನಿನ್ನ ಕಂಪ್ಯೂಟರ್‌ನಾಗೆ ನೋಡಿ ಹೇಳು." ಅಂಕಿ ಒಂದೇ, 130. ಒಬ್ಬರಿಗೆ ಹಬ್ಬ, ಇನ್ನೊಬ್ಬರಿಗೆ ನಿದ್ದೆಯಿಲ್ಲದ ರಾತ್ರಿ. ಆ ಅಂಕಿ ಸರಿಯಾಗಿರಬೇಕಾದ ಅಗತ್ಯ ಅವತ್ತು ನನಗೆ ಯಾವ ಪುಸ್ತಕಕ್ಕಿಂತ ಚೆನ್ನಾಗಿ ತಿಳಿಯಿತು.

ನೀರಿನ ಲೆಕ್ಕ ಇಡುವುದು ಹೊಸ ಬುದ್ಧಿಯೇನಲ್ಲ. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮನ ಶಾಸನವಿದೆ, ನಾಲ್ಕನೇ ಶತಮಾನದ್ದು. ಅದು ಹೇಳುವುದು ಕೆರೆಯ ವಿಷಯ. ಈಜಿಪ್ಟಿನ ಕೈರೋದಲ್ಲಿ ಕ್ರಿ.ಶ. 861ರಲ್ಲಿ ಕಟ್ಟಿದ ಅಳತೆಯ ಕಂಬ ಈಗಲೂ ನಿಂತಿದೆ. ನೈಲ್ ನದಿ ಆ ಕಂಬದ ಮೇಲೆ ಎಷ್ಟು ಗೀಟು ಏರಿತು ಎಂದು ನೋಡಿ ಆ ವರ್ಷದ ಬೆಳೆಯನ್ನೂ ಕಂದಾಯವನ್ನೂ ಅಂದಾಜು ಮಾಡುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಆ ಕೆಲಸ ನೀರುಗಂಟಿಯದು. ತೂಬಿನ ಕಲ್ಲು ಎಷ್ಟು ಮುಳುಗಿದೆ ಎಂದು ನೋಡಿ ಇನ್ನೆಷ್ಟು ದಿನ ಗದ್ದೆಗೆ ನೀರು ಬಿಡಬಹುದು ಎಂದು ಅವನು ಹೇಳುತ್ತಿದ್ದ.

ಈಗಲೂ ನದಿ ಅಳೆಯುವ ಮೊದಲ ಸಾಧನ ಆ ಕಂಬವೇ. ಸೇತುವೆಯ ಕಾಲಿಗೆ ಬಿಳಿ ಕಪ್ಪು ಬಣ್ಣದಲ್ಲಿ ಅಂಕಿ ಬರೆದಿರುವುದನ್ನು ನೀವು ನೋಡಿದ್ದೀರಿ. ಆದರೆ ಅದನ್ನು ಓದುವುದಕ್ಕೆ ಒಬ್ಬ ಮನುಷ್ಯ ಬೇಕು. ಪ್ರವಾಹ ರಾತ್ರಿಯಲ್ಲೂ ಬರುತ್ತದೆ, ಮಳೆಯಲ್ಲೂ ಬರುತ್ತದೆ. ಅದಕ್ಕೆ ಯಂತ್ರ ಬೇಕಾಯಿತು.

ಯಂತ್ರಗಳಲ್ಲಿ ನಾಲ್ಕೈದು ಬಗೆ. ದಂಡೆಯ ಮೇಲೆ ಬಾವಿ ತೋಡಿ ಅದಕ್ಕೆ ನದಿಯಿಂದ ಪೈಪ್ ಹಾಕಿ ಒಳಗೆ ಬುರುಡೆ ತೇಲಿಬಿಡುವುದು ಒಂದು. ಬಾವಿ ಕಟ್ಟಿಸಲು ಖರ್ಚು, ಪೈಪ್‌ನಲ್ಲಿ ಹೂಳು ಕಟ್ಟಿಕೊಳ್ಳುತ್ತದೆ. ಒತ್ತಡ ಅಳೆಯುವ ಸೆನ್ಸರನ್ನೇ ನೀರಿಗೆ ಇಳಿಬಿಡುವುದು ಇನ್ನೊಂದು. ಒಂದು ಮರದ ದಿಮ್ಮಿ ಬಂದು ಬಡಿದರೆ ಸೆನ್ಸರ್ ಹೋಯಿತು. ಸೇತುವೆಯಿಂದ ರೇಡಾರ್ ಅಲೆ ಕೆಳಗೆ ಬಿಟ್ಟು ಅಳೆಯುವುದು ಮತ್ತೊಂದು. ಅದು ಒಳ್ಳೆಯದು, ಆದರೆ ಸೇತುವೆ ಇರಬೇಕಲ್ಲ. ಇವುಗಳ ಜೊತೆಗೆ ಇರುವುದೇ ಬಬ್ಲರ್, ಅಂದರೆ ಗುಳ್ಳೆಯ ಯಂತ್ರ. ಕೇಂದ್ರ ಜಲ ಆಯೋಗದವರ ದೂರಮಾಪನ ಕೇಂದ್ರಗಳಲ್ಲಿ ರೇಡಾರ್ ಮತ್ತು ಬಬ್ಲರ್ ಎರಡನ್ನೂ ಬಳಸುತ್ತಾರೆ. ಅಂಕಿ ಉಪಗ್ರಹದ ಮೂಲಕ ಹೋಗುತ್ತದೆ.

ಈಗ ಎದುರಿಗೆ ಕೂತಿರುವ ಒಂಬತ್ತನೇ ತರಗತಿಯ ಇಬ್ಬರು ಇಲ್ಲಿ ಬನ್ನಿ. ಹೆದರಬೇಡಿ, ಪ್ರಶ್ನೆ ಕೇಳುವುದಿಲ್ಲ.

(ಇಲ್ಲಿ ಬಕೆಟ್, ಸಲೈನ್ ಪೈಪ್ ಇಟ್ಟುಕೊಂಡು ಪ್ರಯೋಗ ತೋರಿಸಲಾಯಿತು.)

ಈ ಪೈಪ್‌ನ ಒಂದು ತುದಿಯನ್ನು ಬಕೆಟ್‌ನ ನೀರಿನಲ್ಲಿ ಸ್ವಲ್ಪವೇ ಅದ್ದಿ ಊದು. ಸುಲಭವಾಗಿ ಗುಳ್ಳೆ ಬಂತು. ಈಗ ತಳಕ್ಕೆ ಇಳಿಸಿ ಊದು. ಕೆನ್ನೆ ಉಬ್ಬಿತು ನೋಡಿ! ಯಾಕೆ? ಪೈಪ್‌ನ ಬಾಯಿಯ ಮೇಲೆ ನಿಂತಿರುವ ನೀರನ್ನು ತಳ್ಳಿಕೊಂಡು ಗುಳ್ಳೆ ಹೊರಗೆ ಬರಬೇಕು. ನೀರು ಆಳವಾದಷ್ಟೂ ತಳ್ಳುವುದಕ್ಕೆ ಹೆಚ್ಚು ಒತ್ತಡ ಬೇಕು. ಗುಳ್ಳೆ ನಿಧಾನವಾಗಿ ಬರುತ್ತಿರುವಾಗ ಪೈಪ್ ಒಳಗಿನ ಗಾಳಿಯ ಒತ್ತಡವೂ ಬಾಯಿಯ ಹತ್ತಿರದ ನೀರಿನ ಒತ್ತಡವೂ ಸಮ. ಆದ್ದರಿಂದ ನೀರಿಗೆ ಇಳಿಯದೆ, ದಂಡೆಯ ಮೇಲೇ ಕೂತು, ಪೈಪ್‌ನ ಈ ತುದಿಯಲ್ಲಿ ಗಾಳಿಯ ಒತ್ತಡ ಅಳೆದರೆ ಆ ತುದಿಯಲ್ಲಿ ಎಷ್ಟು ನೀರು ನಿಂತಿದೆ ಎಂದು ಗೊತ್ತಾಗುತ್ತದೆ. ಇಷ್ಟೇ ಬಬ್ಲರ್.

ಈಗ ಈ ಪೈಪ್‌ಗೆ ಟೀ ಜಾಯಿಂಟ್ ಹಾಕಿ, ಬಣ್ಣದ ನೀರು ತುಂಬಿದ ಯು ಆಕಾರದ ಪೈಪ್ ಜೋಡಿಸಿದ್ದೇವೆ. ಬಕೆಟ್‌ನಲ್ಲಿ ಪೈಪ್‌ನ ಬಾಯಿ 20 ಸೆಂಟಿಮೀಟರ್ ಕೆಳಗೆ ಇದೆ. ಯು ಪೈಪ್‌ನ ಎರಡು ಬದಿಯ ನೀರಿನ ವ್ಯತ್ಯಾಸ ಸ್ಕೇಲ್ ಇಟ್ಟು ನೋಡು, ಎಷ್ಟು? 20. ಇದಕ್ಕೆ ಕರೆಂಟೂ ಬೇಡ, ಕಂಪ್ಯೂಟರೂ ಬೇಡ. ಎಂಟನೇ ತರಗತಿಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ದ್ರವದ ಒತ್ತಡ ಎಂದು ಬೋರ್ಡ್ ಮೇಲೆ ಬರೆದಾಗ ನಾನು ಕಿಟಕಿಯಾಚೆ ನೋಡುತ್ತಿದ್ದೆ. ಇವತ್ತು ಅದೇ ಪಾಠ ನನಗೆ ಸಂಬಳ ಕೊಡುತ್ತಿದೆ. ಮೇಷ್ಟ್ರು ಇಲ್ಲೇ ಕೂತಿದ್ದಾರೆ, ಕ್ಷಮೆ ಕೇಳುತ್ತೇನೆ.

ನಿಜವಾದ ಯಂತ್ರದಲ್ಲಿ ಊದುವ ಬಾಯಿಯ ಬದಲು ನೈಟ್ರೋಜನ್ ಸಿಲಿಂಡರ್ ಇರುತ್ತದೆ, ಅಥವಾ ಸಣ್ಣ ಕಂಪ್ರೆಸರ್ ಇರುತ್ತದೆ. ಕಂಪ್ರೆಸರ್ ಆದರೆ ಗಾಳಿಯ ತೇವ ತೆಗೆದು ಒಣಗಿಸಿ ಬಿಡಬೇಕು. ದಂಡೆಯ ಮೇಲಿನ ಪೆಟ್ಟಿಗೆಯಿಂದ ಪೈಪ್ ಎಲ್ಲೂ ಜೋತುಬೀಳದಂತೆ ಒಂದೇ ಇಳಿಜಾರಿನಲ್ಲಿ ನದಿಗೆ ಹೋಗಬೇಕು. ನಡುವೆ ತಗ್ಗಾದರೆ ಅಲ್ಲಿ ನೀರು ನಿಂತು ಅಳತೆ ಕೆಡುತ್ತದೆ. ಪೈಪ್‌ನ ಬಾಯಿ ಅಲುಗಾಡದಂತೆ ಬಂಡೆಗೋ ಕಾಂಕ್ರೀಟಿಗೋ ಬಿಗಿದಿರಬೇಕು. ಒಂದು ಮೀಟರ್ ನೀರು ಸುಮಾರು 9.8 ಕಿಲೋಪ್ಯಾಸ್ಕಲ್ ಒತ್ತಡ ಕೊಡುತ್ತದೆ. ಒತ್ತಡ 49 ಬಂದರೆ ಬಾಯಿಯ ಮೇಲೆ 5 ಮೀಟರ್ ನೀರಿದೆ ಎಂದು ಲೆಕ್ಕ. ಬಾಯಿ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂದು ಮೊದಲೇ ಅಳೆದಿಟ್ಟಿರುತ್ತಾರೆ. ಅದಕ್ಕೆ ಇದನ್ನು ಕೂಡಿದರೆ ನದಿಯ ಮಟ್ಟ. ಇದರ ದೊಡ್ಡ ಗುಣ ಏನೆಂದರೆ, ಬೆಲೆಬಾಳುವ ಸಾಮಾನೆಲ್ಲ ದಂಡೆಯ ಮೇಲೆ. ನದಿಯಲ್ಲಿ ಇರುವುದು ಬರೀ ಪೈಪ್. ಪ್ರವಾಹದಲ್ಲಿ ಕಿತ್ತುಹೋದರೆ ಪೈಪ್ ಮಾತ್ರ ಹೋಗುತ್ತದೆ.

ನಮ್ಮ ರೈತರಿಗೆ ಈ ಉಪಾಯ ಇನ್ನೊಂದು ಕಡೆ ಉಪಯೋಗ. ಬೋರ್‌ವೆಲ್‌ನಲ್ಲಿ ನೀರು ಎಷ್ಟು ಅಡಿಗೆ ಇದೆ ಎಂದು ತಿಳಿಯಲು ಮೋಟಾರಿನ ಜೊತೆ ಒಂದು ಸಣ್ಣ ಪೈಪನ್ನೂ ಇಳಿಬಿಟ್ಟಿರಬೇಕು. 300 ಅಡಿ ಪೈಪ್ ಬಿಟ್ಟಿದ್ದೀರಿ ಅನ್ನಿ. ಮೇಲಿನಿಂದ ಗಾಳಿ ಹೊಡೆಯುತ್ತಾ ಹೋದರೆ ಮೀಟರ್ ಮುಳ್ಳು ಏರಿ ಒಂದು ಕಡೆ ನಿಲ್ಲುತ್ತದೆ. ಪಂಕ್ಚರ್ ಅಂಗಡಿಯ ಮೀಟರ್‌ನಲ್ಲಿ ಒಂದು ಪಿಎಸ್‌ಐ ಎಂದರೆ 2.31 ಅಡಿ ನೀರು. ಮುಳ್ಳು 40ಕ್ಕೆ ನಿಂತರೆ ಪೈಪ್‌ನ ಬಾಯಿಯ ಮೇಲೆ ಸುಮಾರು 92 ಅಡಿ ನೀರಿದೆ. 300ರಲ್ಲಿ 92 ಕಳೆದರೆ 208. ಅಂದರೆ ನೆಲದಿಂದ 208 ಅಡಿಗೆ ನೀರು. ಇದನ್ನು ತಿಂಗಳಿಗೊಮ್ಮೆ ಬರೆದಿಟ್ಟರೆ ಅಡಿಕೆ ಇಡಬೇಕೋ ದಾಳಿಂಬೆ ಇಡಬೇಕೋ ಅಥವಾ ಈ ವರ್ಷ ಸುಮ್ಮನಿರಬೇಕೋ ಎಂದು ಯೋಚಿಸಬಹುದು. ನಮ್ಮಪ್ಪ ಇದನ್ನು ಮಾಡಲಿಲ್ಲ. ಮೂರು ಬೋರ್ ಕೊರೆಸಿ, ಮೂರೂ ಬತ್ತಿ, ಒಂದು ಬೇಸಿಗೆ ಟ್ಯಾಂಕರ್ ನೀರಿಗೆ ಸಾಲ ಮಾಡಿದರು. ನೀರು ಇಳಿಯುತ್ತಿರುವುದು ಮೋಟಾರ್ ಗಾಳಿ ಎಳೆದ ದಿನವೇ ನಮಗೆ ತಿಳಿದದ್ದು.

ಇಷ್ಟು ಹೊತ್ತು ಯಂತ್ರದ ಗುಣ ಹೇಳಿದೆ. ಈಗ ನನ್ನ ತಪ್ಪು ಒಂದನ್ನು ಹೇಳಬೇಕು. ಮಕ್ಕಳಿಗೆ ಇದೇ ಮುಖ್ಯ.

ಕೆಲವು ವರ್ಷದ ಹಿಂದಿನ ಮಾತು. ಬೇರೆ ರಾಜ್ಯದ ಒಂದು ನದಿಯ ಕೇಂದ್ರಗಳಿಗೆ ನಾನು ಪ್ರೋಗ್ರಾಂ ಬರೆದಿದ್ದೆ. ಅಂಕಿ ಇದ್ದಕ್ಕಿದ್ದಂತೆ ಹಾರಿದರೆ ಕೆಂಪು, ಅಪಾಯದ ಗೆರೆ ದಾಟಿದರೆ ಕೆಂಪು, ಅಂಕಿ ಬರದಿದ್ದರೆ ಹಳದಿ. ಇಲ್ಲದಿದ್ದರೆ ಹಸಿರು. ಎಲ್ಲ ಯೋಚಿಸಿದ್ದೇನೆ ಎಂದುಕೊಂಡಿದ್ದೆ. ಜುಲೈ ತಿಂಗಳ ಒಂದು ರಾತ್ರಿ ಮೇಲಿನ ಕಡೆ ಜೋರು ಮಳೆ. ಕೆಳಗಿನ ಬಬ್ಲರ್ ಕೇಂದ್ರದಲ್ಲಿ ನೀರು ಏರುತ್ತಾ ಬಂದು 4.1 ಮೀಟರ್‌ಗೆ ನಿಂತಿತು. ಒಂದು ಗಂಟೆ, ಎರಡು ಗಂಟೆ, ಮೂರು ಗಂಟೆ, ಅದೇ 4.1. ಪರದೆಯ ಮೇಲೆ ಹಸಿರು. ನದಿ ಶಾಂತವಾಗಿದೆ ಎಂದು ನಾನು ಮಲಗಿದೆ.

ಅಲ್ಲಿ ಕಂಬ ಓದುವ ಕೆಲಸಕ್ಕೆ ಒಬ್ಬ ವಯಸ್ಸಾದ ನೌಕರರಿದ್ದರು. ರಾತ್ರಿ ಟಾರ್ಚ್ ಹಿಡಿದು ಹೋಗಿ ನೋಡಿ ಕಚೇರಿಗೆ ಫೋನ್ ಮಾಡಿ, ನೀರು ಐದು ಮೀಟರ್ ದಾಟಿದೆ ಎಂದರು. ಕಂಪ್ಯೂಟರ್‌ನಲ್ಲಿ 4.1 ಇದೆ, ಕತ್ತಲಲ್ಲಿ ತಪ್ಪಾಗಿ ಓದಿರಬೇಕು, ಇನ್ನೊಮ್ಮೆ ನೋಡಿ ಎಂದು ಉತ್ತರ ಬಂತು. ಅವರು ಬೇಜಾರು ಮಾಡಿಕೊಳ್ಳದೆ ಮತ್ತೆ ಆ ಮಳೆಯಲ್ಲಿ ನಡೆದು ಹೋದರು. ಅಷ್ಟರಲ್ಲಿ ಇನ್ನೂ ಒಂದಡಿ ಏರಿತ್ತು. ಎರಡನೇ ಫೋನಿಗೆ ಒಬ್ಬ ಅಧಿಕಾರಿ ಯಂತ್ರ ಬಿಟ್ಟು ಮನುಷ್ಯನನ್ನು ನಂಬಿದರು. ನದಿ ಅಂಚಿನ ಬೀದಿಯವರನ್ನು ಶಾಲೆಯ ಕಟ್ಟಡಕ್ಕೆ ಸಾಗಿಸಿದರು. ಜೀವ ಹೋಗಲಿಲ್ಲ. ಆದರೆ ಮೊದಲ ಫೋನಿಗೂ ಎರಡನೆಯದಕ್ಕೂ ನಡುವೆ ಹೋದ ಹೊತ್ತಿನಲ್ಲಿ ಕೊಟ್ಟಿಗೆಯಲ್ಲಿ ಕಟ್ಟಿದ್ದ ದನಗಳು ಹೋದವು, ಮನೆಗಳ ದವಸ ಹೋಯಿತು.

ಒಂದು ವಾರದ ಮೇಲೆ ಅಲ್ಲಿಗೆ ಹೋದೆವು. ದಂಡೆಯ ಮೇಲಿನ ಪೈಪ್ ಜಾಯಿಂಟ್ ಒಂದರಲ್ಲಿ ಸಣ್ಣ ಸೋರಿಕೆ. ಸೈಕಲ್ ಟ್ಯೂಬಿಗೆ ಮುಳ್ಳು ಚುಚ್ಚಿದಂತೆ. ನೀರು ಕಡಿಮೆ ಇದ್ದಾಗ ಗಾಳಿ ಸ್ವಲ್ಪ ಸೋರಿದರೂ ಉಳಿದದ್ದು ಗುಳ್ಳೆಯಾಗಿ ಹೊರಬರುತ್ತಿತ್ತು, ಅಳತೆ ಹೆಚ್ಚು ಕಮ್ಮಿ ಸರಿಯಾಗೇ ಇತ್ತು. ನೀರು ಏರಿ ಒತ್ತಡ ಹೆಚ್ಚಿದ ಮೇಲೆ ಬಿಟ್ಟ ಗಾಳಿಯೆಲ್ಲ ಆ ತೂತಿನಿಂದಲೇ ಹೋಗತೊಡಗಿತು. ಕೆಳಗೆ ಗುಳ್ಳೆ ನಿಂತೇ ಹೋಯಿತು. ಅಲ್ಲಿಂದ ಮುಂದೆ ನದಿ ಎಷ್ಟು ಏರಿದರೂ ಒತ್ತಡ ಏರಲಿಲ್ಲ. ಮೂರು ಗಂಟೆ ಹೊತ್ತು ಆ ಯಂತ್ರ ನದಿಯನ್ನು ಅಳೆಯಲೇ ಇಲ್ಲ, ತನ್ನ ಸೋರಿಕೆಯನ್ನು ಅಳೆಯುತ್ತಿತ್ತು. ನಾನು ಅದಕ್ಕೆ ಹಸಿರು ಬಣ್ಣ ಹಚ್ಚಿ ತೋರಿಸುತ್ತಿದ್ದೆ.

ಸೋರಿಕೆ ನನ್ನ ತಪ್ಪಲ್ಲ ಎಂದು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಮೇಲಿನ ಕೇಂದ್ರದಲ್ಲಿ ನೀರು ಏರುತ್ತಿರುವಾಗ ಕೆಳಗೆ ಮೂರು ಗಂಟೆ ಒಂದು ಸೆಂಟಿಮೀಟರೂ ಅಲುಗದ ನದಿ ಎಲ್ಲಾದರೂ ಉಂಟೆ? ಹೊಳೆ ಪಕ್ಕ ಬೆಳೆದ ಯಾವ ಹುಡುಗನಿಗಾದರೂ ಗೊತ್ತಿರುವ ಸಂಗತಿ ಇದು. ನನಗೂ ಗೊತ್ತಿತ್ತು. ಪ್ರೋಗ್ರಾಂ ಬರೆಯುವಾಗ ಮರೆತಿದ್ದೆ. ಈಗ ನಮ್ಮ ಪ್ರೋಗ್ರಾಂನಲ್ಲಿ ತೀರಾ ಸುಮ್ಮನಿರುವ ಅಂಕಿಗೂ ಹಳದಿ ಬಣ್ಣ. ಮೇಲಿನ ಕೇಂದ್ರದ ಜೊತೆ, ಮಳೆಯ ಜೊತೆ ಹೋಲಿಸುತ್ತೇವೆ. ಎಲ್ಲಕ್ಕಿಂತ ಮುಖ್ಯವಾಗಿ ಪ್ರತಿ ಅಂಕಿಯ ಪಕ್ಕ ಒಂದು ಸಾಲು ಇದೆ: ಕಂಬವನ್ನು ಕಣ್ಣಾರೆ ಓದಿ ಯಂತ್ರದ ಜೊತೆ ತಾಳೆ ನೋಡಿದ್ದು ಯಾವಾಗ ಎಂದು.

ಬಬ್ಲರ್‌ಗೆ ಬೇರೆ ಕಾಯಿಲೆಗಳೂ ಇವೆ. ಬಾಯಿಯ ಮೇಲೆ ಹೂಳು ಕೂತರೆ ತಪ್ಪು ಹೇಳುತ್ತದೆ. ಕೆಮ್ಮಣ್ಣು ಕದಡಿ ನೀರು ನೂರಕ್ಕೆ ಒಂದು ಪಾಲು ಭಾರವಾದರೆ 5 ಮೀಟರ್‌ನಲ್ಲಿ 5 ಸೆಂಟಿಮೀಟರ್ ಹೆಚ್ಚು ತೋರಿಸುತ್ತದೆ. ನಮ್ಮ ವೇದಾವತಿಯಂಥ, ಬೇಸಿಗೆಯಲ್ಲಿ ಬತ್ತುವ ಹೊಳೆಯಲ್ಲಿ ನೀರು ಬಾಯಿಗಿಂತ ಕೆಳಗಿಳಿದರೆ ಸೊನ್ನೆ ತೋರಿಸುತ್ತದೆ. ಆ ಸೊನ್ನೆ ಎಂದರೆ ನೀರಿಲ್ಲ ಎಂದಲ್ಲ, ನನಗೆ ಕಾಣುತ್ತಿಲ್ಲ ಎಂದು. ಇನ್ನೊಂದು ಮಾತು. ಮಟ್ಟ ಗೊತ್ತಾದರೆ ಎಷ್ಟು ನೀರು ಹರಿಯುತ್ತಿದೆ ಎಂದು ಹೇಳಲು ಒಂದು ಪಟ್ಟಿ ಬೇಕು. ಬೇರೆ ಬೇರೆ ಮಟ್ಟದಲ್ಲಿ ನೀರಿನ ವೇಗ, ಹೊಳೆಯ ಅಗಲ, ಆಳ ಅಳೆದು ಆ ಪಟ್ಟಿ ಮಾಡಿರುತ್ತಾರೆ. ಹೊಳೆಯ ಮರಳು ತೆಗೆದರೆ ತಳವೇ ಕೆಳಗಿಳಿಯುತ್ತದೆ, ಪಟ್ಟಿ ಸುಳ್ಳಾಗುತ್ತದೆ. ಲಾರಿಯಲ್ಲಿ ಮರಳಿನ ಜೊತೆ ಹೊಳೆಯ ಲೆಕ್ಕವೂ ಹೋಗುತ್ತದೆ. ಇದನ್ನು ನಾನು ಇದಕ್ಕಿಂತ ಬಿಡಿಸಿ ಹೇಳುವುದಿಲ್ಲ, ಕೇಳುತ್ತಿರುವವರಿಗೆ ಅರ್ಥವಾಗಿದೆ.

ಈಗ ಶಾಲೆಗೆ ನನ್ನದೊಂದು ಬೇಡಿಕೆ. ನಮ್ಮೂರ ಕೆರೆಯ ತೂಬಿನ ಹತ್ತಿರ ಹಿಂದೆ ಒಂದು ಅಳತೆಗಲ್ಲು ಇತ್ತು. ಬಣ್ಣ ಅಳಿಸಿಹೋಗಿದೆ, ಬಳ್ಳಿ ಮುಚ್ಚಿದೆ. ಪಂಚಾಯಿತಿಯವರ ಒಪ್ಪಿಗೆ ಪಡೆದು ಅದಕ್ಕೆ ಹೊಸದಾಗಿ ಅಂಕಿ ಬರೆಸೋಣ. ಬಣ್ಣದ ಖರ್ಚು ನಮ್ಮ ಬ್ಯಾಚಿನದು. ಅದರ ಪಕ್ಕದಲ್ಲೇ ಇವತ್ತು ಬಕೆಟ್‌ನಲ್ಲಿ ತೋರಿಸಿದ ಬಬ್ಲರ್ ಅನ್ನು ಸ್ವಲ್ಪ ದೊಡ್ಡದಾಗಿ ಮಕ್ಕಳೇ ಮಾಡಿ ಹಾಕಲಿ. ಶನಿವಾರ ಬೆಳಗಿನ ತರಗತಿ ಮುಗಿಸಿ ಇಬ್ಬರು ಮಕ್ಕಳು ಒಬ್ಬ ಶಿಕ್ಷಕರ ಜೊತೆ ಹೋಗಿ ಎರಡನ್ನೂ ಓದಿ, ಶಾಲೆಯ ಮಳೆ ಲೆಕ್ಕದ ಜೊತೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. ಎರಡೂ ತಾಳೆಯಾದರೆ ಬಬ್ಲರ್ ಸರಿ ಇದೆ. ತಾಳೆಯಾಗದಿದ್ದರೆ ಇನ್ನೂ ಒಳ್ಳೆಯದು, ಯಾಕೆ ಎಂದು ಹುಡುಕುವುದರಲ್ಲೇ ಒಂದು ಪಾಠ ಇದೆ. ಹತ್ತು ವರ್ಷ ತಪ್ಪದೆ ಬರೆದರೆ ನಮ್ಮ ಕೆರೆಯ ಹತ್ತು ವರ್ಷದ ಚರಿತ್ರೆ ನಮ್ಮ ಶಾಲೆಯಲ್ಲಿ ಇರುತ್ತದೆ. ಅಂಥ ಪುಸ್ತಕ ನಮ್ಮಪ್ಪನ ಕಾಲಕ್ಕೆ ಇದ್ದಿದ್ದರೆ ಮೂರನೇ ಬೋರ್ ಕೊರೆಸುವ ಮುಂಚೆ ಅವರು ಒಂದು ದಿನ ಯೋಚನೆ ಮಾಡುತ್ತಿದ್ದರೇನೋ.

ಅಜ್ಜಿಯ ಪ್ರಶ್ನೆಗೆ ಬರುತ್ತೇನೆ. ಹೊಳೆ ಹತ್ರ ಹೋಗಿ ನೋಡಿದ್ರೆ ಆಗಲ್ವಾ? ಆಗುತ್ತದೆ ಅಜ್ಜಿ. ಯಂತ್ರ ಹಗಲೂ ರಾತ್ರಿ ಕಾಯುತ್ತದೆ, ನೂರು ಕಡೆಯ ಲೆಕ್ಕವನ್ನು ಒಂದೇ ಹೊತ್ತಿಗೆ ಕೊಡುತ್ತದೆ, ಅದು ಬೇಕೇ ಬೇಕು. ಆದರೆ ಅದು ನಿಜ ಹೇಳುತ್ತಿದೆಯೋ ಇಲ್ಲವೋ ಎಂದು ತಿಳಿಯುವುದಕ್ಕೆ ಯಾರಾದರೂ ಒಬ್ಬರು ಹೊಳೆಯ ಹತ್ತಿರ ಹೋಗಿ ನೋಡಲೇಬೇಕು. ಆ ರಾತ್ರಿ ಎರಡು ಸಲ ಮಳೆಯಲ್ಲಿ ನಡೆದ ಆ ಹಿರಿಯರನ್ನು ನಾನು ಆಮೇಲೆ ಭೇಟಿಯಾಗಿ ಕೈಮುಗಿದೆ. ಅವರು ನಕ್ಕು, ಅದು ನನ್ನ ಕೆಲಸ ಅಲ್ಲವೇ ಎಂದರು.

ನನಗೆ ಓದಲು, ಎಣಿಸಲು, ತಪ್ಪಿದಾಗ ಒಪ್ಪಿಕೊಳ್ಳಲು ಕಲಿಸಿದ ಈ ಶಾಲೆಗೆ ಐವತ್ತು ತುಂಬಿದೆ. ನೂರು ತುಂಬಲಿ. ಆ ಹೊತ್ತಿಗೆ ಕೆರೆಯ ನೋಟ್‌ಬುಕ್ ಐವತ್ತು ವರ್ಷದ್ದಾಗಿರಲಿ.